ಸೊನ್ನೆ ಕೊಟ್ಟರೆ ಕಾಯುತ್ತಲೇ ಇರುತ್ತದೆ

ನಮ್ಮ ಅತ್ತಿಗೆಗೆ ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ. ನಾನು "ನಾಳೆ ಸ್ವಲ್ಪ..." ಎನ್ನುವಷ್ಟರಲ್ಲಿ, "ಲೇಟಾಗಿ ಬರ್ತೀಯ, ಸರಿ, ಗೇಟಿನ ಬೀಗದ ಕೈ ಪಕ್ಕದ ಮನೇಲಿ ಕೊಟ್ಟಿರ್ತೀನಿ" ಎಂದು ಮುಗಿಸಿ ಮುಂದಿನ ಕೆಲಸಕ್ಕೆ ಕೈ ಹಾಕಿರುತ್ತಿದ್ದಳು. ಅವಳು ಊಹಿಸಿದ್ದೇ ಸಾಮಾನ್ಯವಾಗಿ ಸರಿಯಾಗಿರುತ್ತಿತ್ತು. ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ. ನನಗಿಂತ ಒಂದೇ ವರ್ಷ ದೊಡ್ಡವಳಾದ್ದರಿಂದ ನಮ್ಮಿಬ್ಬರದು ಹೋಗು ಬಾ ಎನ್ನುವ ಸಲಿಗೆ. ಅಣ್ಣ ಅತ್ತಿಗೆ ಮೇಲಿನ ಮನೆಯಲ್ಲಿ, ನಾನು ಕೆಳಗಿನ ಮನೆಯಲ್ಲಿ. ನನ್ನ ಹೊಲಿಗೆ ಮಷೀನು ನಿಂತಿತೆಂದರೆ ಮೇಲೆ ನಡೆಯುವ ಜಗಳ ಒಂದಕ್ಷರ ಬಿಡದೆ ಕೇಳುತ್ತಿತ್ತು.

ಅವಳ ಕೆಲಸವೂ ಅವಸರದ್ದೇ. ಅಂಗಡಿಗಳಲ್ಲಿ ಸಾಮಾನು ತೂಗಿ ಬೆಲೆಯ ಚೀಟಿ ಕೊಡುವ ಯಂತ್ರಗಳಿವೆಯಲ್ಲ, ಅವುಗಳೊಳಗಿನ ಪ್ರೋಗ್ರಾಂ ಬರೆಯುವ ಕಂಪನಿಯಲ್ಲಿದ್ದಾಳೆ. ಟೈರ್ ಅಂಗಡಿಯ ಮೇಲಿನ ಆಫೀಸು. ಒಳಗೆ ಹೋದರೆ ರಬ್ಬರಿನ ವಾಸನೆ. ತಟ್ಟೆಯ ಮೇಲೆ ಸಾಮಾನಿಟ್ಟಾಗ ಅಂಕಿ ಒಂದಿಷ್ಟು ಹೊತ್ತು ಓಲಾಡುತ್ತದೆ. ಓಲಾಟ ನಿಂತಿತು, ಇದೇ ತೂಕ ಎಂದು ಯಾವ ಕ್ಷಣದಲ್ಲಿ ತೀರ್ಮಾನಿಸಬೇಕು ಎನ್ನುವುದೇ ಆ ಪ್ರೋಗ್ರಾಮಿನ ಜೀವಾಳ. ಹಾಗೆ ಕಾಯುವ ಹೊತ್ತನ್ನು ಅರ್ಧಕ್ಕೆ ಇಳಿಸಿದವಳು ನಮ್ಮ ಅತ್ತಿಗೆ. ಕಂಪನಿಯವರು ಮೆಚ್ಚಿ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು.

ಅಣ್ಣ ಇದಕ್ಕೆ ತದ್ವಿರುದ್ಧ. ಲಿಫ್ಟ್ ರಿಪೇರಿ ಮಾಡುವವನು, ಮಾತಿನ ಮಲ್ಲ. ನೆಲಮಹಡಿಯಲ್ಲಿ ಶುರು ಮಾಡಿದ ಕಥೆ ಮೇಲಿನ ಮಹಡಿ ಬಂದರೂ ಮುಗಿಯದೆ, ಜನ ಇಳಿಯದೆ ಅವನ ಜೊತೆಗೇ ಮತ್ತೆ ಕೆಳಕ್ಕೆ ಬರುತ್ತಿದ್ದರಂತೆ. ಇದನ್ನು ಹೇಳಿದವನು ಅವನೇ, ಆದ್ದರಿಂದ ಅರ್ಧ ನಂಬಿದರೆ ಸಾಕು. ಊಟಕ್ಕೆ ಕೂತಾಗ ಏನಾದರೊಂದು ಕಥೆ ಎತ್ತುತ್ತಿದ್ದ. ಅತ್ತಿಗೆ ನಡುವೆಯೇ, "ಕೊನೆಗೆ ನೋಡಿದ್ರೆ ಫ್ಯೂಸ್ ಹೋಗಿತ್ತು, ಅಷ್ಟೇ ತಾನೆ?" ಎಂದು ಕಡ್ಡಿ ಮುರಿದಂತೆ ಮುಗಿಸಿಬಿಡುತ್ತಿದ್ದಳು. ಅಣ್ಣ ಒಂದಿಷ್ಟೂ ಬೇಸರಿಸದೆ ಬೆರಳೆತ್ತಿ, "ತಾಳೇ, ಇನ್ನೂ ಇದೆ" ಎನ್ನುತ್ತಿದ್ದ. ಆ ಮನೆಯ ಗೋಡೆಗಳು ಅತಿ ಹೆಚ್ಚು ಕೇಳಿಸಿಕೊಂಡ ಮಾತು ಅದೇ ಇರಬೇಕು.

ಕಾಯಿಲೆ ಮೊದಲು ಅವನ ಬೆರಳುಗಳಿಗೆ ಬಂತು. ಸ್ಪ್ಯಾನರ್ ಕೈಯಿಂದ ಜಾರತೊಡಗಿತು. ಅದು ನರಗಳ ಕಾಯಿಲೆ, ಒಂದೊಂದೇ ಸ್ನಾಯುವನ್ನು ಮಲಗಿಸುತ್ತಾ ಹೋಗುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ಚುರುಕಾಗಿಯೇ ಇರುತ್ತದೆ ಎಂದು ಡಾಕ್ಟರು ಹೇಳಿದರು. ಅದನ್ನು ಸಮಾಧಾನದ ಮಾತು ಎಂದು ಹೇಳಿದರೋ ಏನೋ, ನನಗೆ ಮಾತ್ರ ಶಾಪದ ಹಾಗೆ ಕೇಳಿಸಿತು. ಕೈ ಹೋಯಿತು, ಕಾಲು ಹೋಯಿತು. "ಬಾಯೊಂದನ್ನ ಉಳಿಸಿದ್ದಾನಲ್ಲ ದೇವರು, ಅಷ್ಟು ಸಾಕು ನನಗೆ" ಎಂದು ಅಣ್ಣ ನಗುತ್ತಿದ್ದ. ಆಮೇಲೆ ನಾಲಿಗೆಯೂ ಭಾರವಾಯಿತು.

ಮಾತು ಇನ್ನೂ ನೆಟ್ಟಗಿದ್ದಾಗಲೇ ಮಾತಿನ ಚಿಕಿತ್ಸಾ ಕೇಂದ್ರದವರು ಒಂದು ಪೆಟ್ಟಿಗೆ ಕೊಟ್ಟಿದ್ದರು. ಬೂಟಿನ ಡಬ್ಬದಷ್ಟು ದೊಡ್ಡದು, ಮುಂದೆ ಪುಟ್ಟ ಪರದೆ, ಕೆಳಗೆ ಕೀಲಿಮಣೆ, ಒಳಗೇ ಕೂರಿಸಿದ ಮೈಕು. ಅದಕ್ಕೆ ವಾರಗಟ್ಟಲೆ ಅಣ್ಣನ ಧ್ವನಿಯನ್ನು ಕಲಿಸಿದ್ದರು. ಅವನು ಹೇಳಿದ್ದನ್ನು ಕೇಳಿಸಿಕೊಂಡು ಅದು ಪರದೆಯ ಮೇಲೆ ಅಕ್ಷರದಲ್ಲಿ ಬರೆಯುತ್ತಿತ್ತು. ಬರಬರುತ್ತಾ ಅಣ್ಣನ ಮಾತು ನಮಗೆ ಬರೀ ಗೊರಗೊರ ಸದ್ದಾದಾಗಲೂ ಆ ಪೆಟ್ಟಿಗೆಗೆ ಅರ್ಥವಾಗುತ್ತಿತ್ತು. ಒಡಹುಟ್ಟಿದವಳಿಗೆ ತಿಳಿಯದ್ದು ಒಂದು ಡಬ್ಬಕ್ಕೆ ತಿಳಿಯುತ್ತಿತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿತ್ತು, ಆದರೂ ದಿನಾ ಬೆಳಗ್ಗೆ ಅದರ ಧೂಳು ಒರೆಸುತ್ತಿದ್ದವಳು ನಾನೇ.

ಹೀಗಿರುವಾಗ ಹೊಸ ತಾಪತ್ರಯ ಶುರುವಾಯಿತು. ಅಣ್ಣನಿಗೆ ಒಂದು ಪದ ಹೇಳಿ ಇನ್ನೊಂದು ಪದ ಹೊರಡಿಸಲು ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. ಪೆಟ್ಟಿಗೆಯೋ ಎರಡು ಸೆಕೆಂಡು ಸದ್ದಿಲ್ಲದಿದ್ದರೆ ಮಾತು ಮುಗಿಯಿತು ಎಂದುಕೊಳ್ಳುತ್ತಿತ್ತು. ಒಂದೇ ಪದ ಸಿಕ್ಕರೆ ಅದು ಕೆಮ್ಮೋ ಬಾಗಿಲ ಸದ್ದೋ ಇರಬೇಕೆಂದು ಎಸೆದುಬಿಡುತ್ತಿತ್ತು. ಅಣ್ಣ ಕಷ್ಟಪಟ್ಟು "ನೀರು" ಎನ್ನುತ್ತಿದ್ದ, ಪರದೆ ಖಾಲಿ. ಉಸಿರು ಎಳೆದುಕೊಂಡು "ಬಿಸಿ" ಎನ್ನುತ್ತಿದ್ದ, ಪರದೆ ಮತ್ತೆ ಖಾಲಿ. ಒಂದು ಬೆಳಗ್ಗೆ ಅವನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಏಳದು.

ಕೇಂದ್ರದ ಟೆಕ್ನಿಷಿಯನ್ ಬಂದು ನೋಡಿದ. "ಒಳಗಿನ ಪ್ರೋಗ್ರಾಂ ಮುಟ್ಟೋ ಹಾಗಿಲ್ಲ ಮೇಡಂ, ಪೆಟ್ಟಿಗೆ ಸೀಲ್ ಆಗಿದೆ. ಸೆಟ್ಟಿಂಗ್ಸ್ ಫೈಲ್ ಬೇಕಾದ್ರೆ ನೀವೇ ತಿದ್ದಬಹುದು. ಆದ್ರೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಸೆಟ್ಟಿಂಗೇ ಅದರಲ್ಲಿಲ್ಲ."

"ಮತ್ತೆ ಎಲ್ಲಿದೆ?" ಎಂದಳು ಅತ್ತಿಗೆ.

"ಪ್ರೋಗ್ರಾಮಿನ ಒಳಗೇ ಎರಡು ಸೆಕೆಂಡು ಅಂತ ಬರೆದುಬಿಟ್ಟಿದ್ದಾರೆ. ಅದನ್ನ ಮಾಡಿದವರು ಹೊಸ ವರ್ಷನ್ ಬಿಟ್ರೆ ಇಲ್ಲಿಗೆ ತಾನಾಗೇ ಬರುತ್ತೆ. ನೀವು ಅವರನ್ನೇ ಕೇಳ್ಬೇಕು."

ಮಾಡಿದವರು ಎಂದರೆ ಕಂಪನಿಯಲ್ಲ. ಅದು ಓಪನ್ ಸೋರ್ಸ್ ಪ್ರೋಗ್ರಾಂ, ಬರೆದ ಸಾಲುಗಳನ್ನೆಲ್ಲ ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತಾರೆ. ಅದಕ್ಕೆ ಬಟನ್ನು, ಚಿತ್ರ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಒಂದನ್ನು ಹೊಡೆದು ಎಬ್ಬಿಸಬೇಕು. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆದರೆ ಒಪ್ಪುವುದು ಬಿಡುವುದು ಅದರ ಯಜಮಾನನ ಮರ್ಜಿ. ಈ ಯಜಮಾನ ಎಲ್ಲೋ ದೂರದ ದೇಶದವನು, ಹೆಸರು ಗೊತ್ತಿಲ್ಲ. ಫೋಟೋ ಹಾಕುವ ಜಾಗದಲ್ಲಿ ಗೂಬೆಯ ಚಿತ್ರ ಹಾಕಿಕೊಂಡಿದ್ದ. ನಾವು ಅವನನ್ನು ಗೂಬೆಯಪ್ಪ ಎನ್ನುತ್ತಿದ್ದೆವು. ಅವನು ಬರೆದದ್ದನ್ನು ಅತ್ತಿಗೆ ನನಗೆ ನಮ್ಮ ಮಾತಿನಲ್ಲಿ ಓದಿ ಹೇಳುತ್ತಿದ್ದಳು.

ಅತ್ತಿಗೆ ಒಂದೇ ದಿನದಲ್ಲಿ ತಿದ್ದಿ ಕಳಿಸಿದಳು. ಸೆಟ್ಟಿಂಗ್ಸ್ ಫೈಲಿನಲ್ಲಿ 'ಕಾಯುವ ಹೊತ್ತು' ಎಂಬ ಹೊಸ ಆಯ್ಕೆ, ಅದರ ಮುಂದೆ ಒಂದು ಅಂಕಿ. ಅಷ್ಟೇ. ಗೂಬೆಯಪ್ಪನ ಉತ್ತರ ಬರಲು ವಾರ ಹಿಡಿಯಿತು. ಎರಡು ಸೆಕೆಂಡು ಎಲ್ಲರಿಗೂ ಸಾಕು ಎಂದಿದ್ದ. ಒಂದೊಂದು ಹೊಸ ಆಯ್ಕೆಯೂ ಒಂದೊಂದು ಹೊಸ ಬಾಗಿಲು, ಆಮೇಲೆ ಜೀವಮಾನವಿಡೀ ಅದನ್ನು ಕಾಯುವವನು ತಾನು, ಇದು ಯಾರಿಗೆ ಬೇಕಾಗಿದೆ ಎಂದು ಕೇಳಿದ್ದ.

"ನೀನು ಏನಂತ ಬರೆದು ಕಳಿಸಿದ್ದೆ?" ಎಂದೆ.

"ಕೆಲವು ಬಳಕೆದಾರರಿಗೆ ಉಪಯೋಗ ಆಗುತ್ತೆ ಅಂತ."

"ಕೆಲವು ಬಳಕೆದಾರರು ಅಂದ್ರೆ ಯಾರೇ? ಒಳಗೆ ಮಲಗಿರೋನು ತಾನೆ? ಹಾಗಂತ ಬರಿ."

"ಅಲ್ಲಿ ಮನೆ ವಿಷಯ ಎಲ್ಲ ಬರೆಯಲ್ಲ ಕಣೇ."

"ಹಾಗಾದ್ರೆ ಅವನಿಗೆ ಕನಸು ಬೀಳುತ್ತಾ?"

ಅವಳು ಟೈಪ್ ಮಾಡಲು ಕೂತಳು, ಅಳಿಸಿದಳು, ಮತ್ತೆ ಕೂತಳು. ಸಾವಿರಾರು ಜನ ಓದುವ ಜಾಗದಲ್ಲಿ ತನ್ನ ಗಂಡನ ನಾಲಿಗೆ ಸಾಯುತ್ತಿದೆ ಎಂದು ಬರೆಯುವುದು ಸುಲಭವಲ್ಲ. ನಾನು ಬೈದದ್ದು ಹೆಚ್ಚಾಯಿತೇನೋ. ಆದರೆ ಬೈಯದಿದ್ದರೆ ಅವಳು ಬರೆಯುತ್ತಿರಲಿಲ್ಲ.

ಮರುದಿನವೇ ಉತ್ತರ ಬಂತು. ಕ್ಷಮೆ ಕೇಳಿದ್ದ, ಒಪ್ಪಿದ್ದ, ಆದರೆ ಒಂದು ಪ್ರಶ್ನೆ ಇಟ್ಟಿದ್ದ. ಹೆಚ್ಚೆಂದರೆ ಎಷ್ಟು? ಮಿತಿಯಿಲ್ಲದ ಅಂಕಿಯನ್ನು ತಾನು ಒಳಗೆ ಬಿಡುವುದಿಲ್ಲ. ಆ ಪ್ರಶ್ನೆಯ ಮುಂದೆ ಅತ್ತಿಗೆ ತಲೆಗೆ ಕೈ ಹೊತ್ತು ಕೂತಳು. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ತನ್ನ ಗಂಡ ಎಷ್ಟು ಹೊತ್ತು ತೆಗೆದುಕೊಳ್ಳಬಹುದು, ಅಂದರೆ ಕಾಯಿಲೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು ಅವಳೇ ಅಂಕಿಯಲ್ಲಿ ಬರೆಯಬೇಕಿತ್ತು. ಹತ್ತು ಸೆಕೆಂಡು ಎಂದು ಬರೆದಳು.

ಆಮೇಲೆ ಆಯ್ಕೆಯ ಹೆಸರು ಹೇಗಿರಬೇಕು ಎಂಬ ಚರ್ಚೆ. ಯಾರು ಯಾರೋ ಬಂದು ಸೇರಿಕೊಂಡರು. ಒಬ್ಬ 'ಮೌನದ ಗಡುವು' ಇರಲಿ ಎಂದ, ಇನ್ನೊಬ್ಬ 'ಮಾತಿನ ಅಂತರ' ಎಂದ, ಮೂರನೆಯವನು ಅಂಕಿಯ ಬದಲು ಚಿಕ್ಕದು, ದೊಡ್ಡದು ಎಂದಿಟ್ಟರೆ ಹೇಗೆ ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರು ಹೆಸರು ಇಡುತ್ತಿದ್ದ ಹೊತ್ತಿಗೆ ಇಲ್ಲಿ ಅಣ್ಣನ ಉಸಿರು ಕುಗ್ಗುತ್ತಲೇ ಇತ್ತು. ಒಂದು ಮಧ್ಯಾಹ್ನ ಅತ್ತಿಗೆ ಅವನ ಎದುರು ಕೂತು ಬಹುಮಾನದ ಗಡಿಯಾರ ನೋಡುತ್ತಾ ಅಂತರ ಅಳೆದಳು. ಹತ್ತು ದಾಟಿ ಹೋಯಿತು. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅವಳು ಯಾವ ಅಂಕಿ ಬರೆದರೂ ಕಾಯಿಲೆ ಅದನ್ನು ದಾಟಿ ಹೋಗುತ್ತಿತ್ತು.

ವಾಪಸ್ ಬಂದವಳು ಮಿತಿಯನ್ನೇ ಕಿತ್ತೆಸೆದಳು. ಸೊನ್ನೆ ಕೊಟ್ಟರೆ ಕಾಯುತ್ತಲೇ ಇರುತ್ತದೆ ಎಂದು ಬರೆದು ಕಳಿಸಿದಳು. ಸೊನ್ನೆ ಕೊಟ್ಟರೆ ಮಾತು ಮುಗಿಯುವುದು ಯಾವಾಗ ಎಂದು ಗೂಬೆಯಪ್ಪ ಕೇಳಿದ. ಅವಳು ಸಿಟ್ಟಿನಲ್ಲಿ ಒಂದೇ ಸಾಲು ಬರೆದಳು: "ಅವರು ಮುಗಿಸಿದಾಗ."

ಅವನು ಮತ್ತೆ ಕೇಳದೆ ಒಪ್ಪಿಬಿಟ್ಟ. ಅಷ್ಟೇ ಅಲ್ಲ, ಅವಳ ಆ ಸಾಲನ್ನು ಪ್ರೋಗ್ರಾಮಿನ ಕೈಪಿಡಿಯಲ್ಲೂ ಸೇರಿಸಿದ.

ಹೊಸ ವರ್ಷನ್ ಪೆಟ್ಟಿಗೆಗೆ ಬಂದ ದಿನ ಅತ್ತಿಗೆ ರಜೆ ಹಾಕಿದ್ದಳು. ಸೆಟ್ಟಿಂಗ್ಸ್ ಫೈಲಿನಲ್ಲಿ ಸೊನ್ನೆ ಬರೆದು, ಕಮಾಂಡ್ ಹೊಡೆದು, "ಈಗ ಮಾತಾಡಿ ರೀ. ಎಷ್ಟು ಹೊತ್ತು ಬೇಕಾದ್ರೂ ತಗೊಳ್ಳಿ" ಎಂದಳು. ಅಣ್ಣನ ಕಣ್ಣು ಅರಳಿತು. ಶುರು ಮಾಡಿದ. ಒಂದು ಸದ್ದು, ದೀರ್ಘ ಮೌನ, ಮತ್ತೊಂದು ಸದ್ದು. ಅವನಿಗೆ ಅಡ್ಡಿಯಾಗಬಾರದೆಂದು ನಾವಿಬ್ಬರೂ ಹೊರಗಿನ ಕೋಣೆಯಲ್ಲಿ ಮಾತಿಲ್ಲದೆ ಕೂತೆವು. ಮಧ್ಯಾಹ್ನ ಶುರುವಾದದ್ದು ಬಿಸಿಲು ಇಳಿಯುವವರೆಗೂ ನಡೆಯಿತು. ಅಷ್ಟು ದಿನ ಒಳಗೆ ಕಟ್ಟಿಟ್ಟದ್ದನ್ನೆಲ್ಲ ಬಿಚ್ಚುತ್ತಿದ್ದಾನೆ ಎಂದುಕೊಂಡು ನನಗೆ ಎದೆ ತುಂಬಿ ಬಂದಿತ್ತು.

ಸದ್ದು ನಿಂತ ಮೇಲೆ ಒಳಗೆ ಹೋದೆವು. ಪರದೆಯ ಮೇಲೆ ಒಂದಕ್ಷರವೂ ಇರಲಿಲ್ಲ, 'ಕೇಳುತ್ತಿದೆ' ಎಂಬ ಸೂಚನೆ ಮಾತ್ರ ಮಿಣಮಿಣ ಎನ್ನುತ್ತಿತ್ತು. ಅತ್ತಿಗೆ ಕೀಲಿಮಣೆಗೆ ಕೈ ಚಾಚಿದವಳು ಅಲ್ಲೇ ಕಲ್ಲಾದಳು. 

"ಏನಾಯ್ತೇ?"

"ಮುಗಿಸೋದು ಬರೆದಿಲ್ಲ."

"ಅಂದ್ರೆ?"

"ಮಾತು ಮುಗಿದ ಮೇಲೇ ಅದು ಅಕ್ಷರ ಬರೆಯೋದು. ಮುಗೀತು ಅಂತ ಅದಕ್ಕೆ ಗೊತ್ತಾಗ್ತಿದ್ದದ್ದು ಮೌನದಿಂದ. ಈಗ ಮೌನ ಎಷ್ಟಿದ್ರೂ ಅದು ಕಾಯ್ತಾನೇ ಇರುತ್ತೆ. ಇರೋದು ಒಂದೇ ಕೀಲಿ, ರದ್ದು ಮಾಡೋದು. ಒತ್ತಿದ್ರೆ ಎಲ್ಲ ಹೋಗುತ್ತೆ. ಸೊನ್ನೆ ತಿದ್ದೋಣ ಅಂದ್ರೂ ಪ್ರೋಗ್ರಾಂ ಮತ್ತೆ ಶುರು ಮಾಡ್ಬೇಕು, ಆಗ್ಲೂ ಹೋಗುತ್ತೆ."

ಅವಳು ಪರೀಕ್ಷೆ ಮಾಡದೆ ಕಳಿಸಿದವಳಲ್ಲ. ಅಣ್ಣನ ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಕೇಳಿಸಿ ನೋಡಿದ್ದಳು, ಪ್ರತಿ ಸಲವೂ ಸರಿಯಾಗಿ ಬರೆದಿತ್ತು. ರೆಕಾರ್ಡಿಂಗ್ ತೀರಿದಾಗ ಮಾತೂ ತೀರಿತೆಂದು ಪ್ರೋಗ್ರಾಮಿಗೆ ತಾನಾಗಿ ಗೊತ್ತಾಗುತ್ತಿತ್ತು. ಬದುಕಿರುವ ಮನುಷ್ಯನ ಎದುರಿನ ಮೈಕು ಹಾಗೆ ತೀರುವುದಿಲ್ಲ. ಗೂಬೆಯಪ್ಪ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು. ಇವಳು ಅದಕ್ಕೆ ಜವಾಬು ಕೊಟ್ಟು ಬಾಯಿ ಮುಚ್ಚಿಸಿದ್ದಳು.

ಇನ್ನೊಂದು ಸಲ ಹೇಳಿಸೋಣ ಎನ್ನುವಷ್ಟರಲ್ಲಿ ಅಣ್ಣನಿಗೆ ಏದುಸಿರು ಹತ್ತಿತು. ಇಡೀ ಮಧ್ಯಾಹ್ನ ಮಾತಾಡಿ ದಣಿದಿದ್ದ ಎದೆ ಕೈಬಿಟ್ಟಿತ್ತು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟರು. ಜೀವ ಉಳಿಯಿತು. ಮಾತು ಇನ್ನು ಮೇಲೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು.

ಅಂದರೆ ಅಣ್ಣನ ಕಡೆಯ ಮಾತು ಆ ಪೆಟ್ಟಿಗೆಯ ಹೊಟ್ಟೆಯೊಳಗೆ ಸಿಕ್ಕಿಹಾಕಿಕೊಂಡಿತ್ತು. ಹೊರಗೆ ತೆಗೆಯುವ ದಾರಿಯೇ ಇರಲಿಲ್ಲ.

ಅತ್ತಿಗೆ ಗೂಬೆಯಪ್ಪನಿಗೆ ಬರೆದಳು. ಅವನು ಊಟ ತಿಂಡಿ ಬಿಟ್ಟು ಹುಡುಕಿದನೋ ಏನೋ, ಗಂಟೆಗೊಂದು ಉಪಾಯ ಕಳಿಸುತ್ತಿದ್ದ. ಮೈಕು ಕಿತ್ತರೆ ಆದೀತು ಎಂದ. ಅದು ಸೀಲಾದ ಪೆಟ್ಟಿಗೆಯೊಳಗಿತ್ತು. ಕೇಂದ್ರದವರು ಬಿಚ್ಚಲು ಒಪ್ಪಿದರು, ಆದರೆ ಬಿಚ್ಚಿದೊಡನೆ ಪೆಟ್ಟಿಗೆ ಆರಿಹೋಗುವಂತೆ ಮಾಡಿಟ್ಟಿದ್ದಾರೆ, ಆರಿದರೆ ಮಾತೂ ಹೋಗುತ್ತದೆ ಎಂದರು. ಕೊನೆಗೆ ಗೂಬೆಯಪ್ಪ, ನಾನು ಇನ್ನೊಂದು ಸಲ ಕೇಳಬೇಕಿತ್ತು, ತಪ್ಪು ನನ್ನದೂ ಹೌದು ಎಂದು ಬರೆದ. ಅವನ ಮೇಲೆ ಗೂಬೆ ಕೂರಿಸಲು ನಾನು ತಯಾರಾಗೇ ಇದ್ದೆ. ಅದನ್ನು ಕೇಳಿದ ಮೇಲೆ ಮನಸ್ಸು ಬರಲಿಲ್ಲ.

ಅತ್ತಿಗೆ ಪೆಟ್ಟಿಗೆಯ ಪಕ್ಕದಿಂದ ಏಳದಾದಳು. ಯಾರೂ ಆ ಕೋಣೆಯಲ್ಲಿ ಮಾತಾಡಬಾರದು, ಅವನ ಮಾತಿಗೆ ನಮ್ಮದು ಬೆರೆಯುತ್ತದೆ. ಪ್ಲಗ್ಗಿನ ಹತ್ತಿರ ಯಾರೂ ಸುಳಿಯಬಾರದು. ಒಮ್ಮೆ ಕರೆಂಟು ಹೋಗಿ ಪೆಟ್ಟಿಗೆ ಬ್ಯಾಟರಿಯ ಮೇಲೆ ನಿಂತಾಗ ಅವಳು ಅದನ್ನು ತಬ್ಬಿಕೊಂಡು ಕೂತಿದ್ದಳು. ಆಸ್ಪತ್ರೆಗೆ ಹೋದವಳು ನಾನು. ಅಣ್ಣನ ಕಣ್ಣು ಪ್ರತಿ ಸಲವೂ ನನ್ನ ಹಿಂದೆ ಬಾಗಿಲನ್ನು ಹುಡುಕುತ್ತಿತ್ತು.

ಕೊನೆಗೊಂದು ಬೆಳಗ್ಗೆ ನನ್ನ ತಾಳ್ಮೆ ಕಿತ್ತುಹೋಯಿತು. ಆ ಕೋಣೆಗೇ ನುಗ್ಗಿ ಗಂಟಲು ಹರಿಯುವಂತೆ ಕೂಗಿದೆ. "ಮನುಷ್ಯ ಅಲ್ಲಿ ಬದುಕಿದ್ದಾನೆ ಕಣೇ! ನೀನಿಲ್ಲಿ ಡಬ್ಬ ಕಾಯ್ತಾ ಕೂತಿದ್ದೀಯಲ್ಲ! ಏನು ಹೇಳಿದ ಅಂತ ತಿಳೀಬೇಕಾ? ಹೋಗಿ ಅವನನ್ನೇ ಕೇಳು! ಬುದ್ಧಿ ಚುರುಕಾಗಿರುತ್ತೆ ಅಂತ ಡಾಕ್ಟರು ಹೇಳಿಲ್ವಾ?"

ಅವಳು ಬೆಚ್ಚಿ ಬಾಯಿಗೆ ಬೆರಳಿಟ್ಟು ಪರದೆಯತ್ತ ನೋಡಿದಳು. ನನ್ನ ಕೂಗೂ ಅಣ್ಣನ ಮಾತಿನ ಬಾಲಕ್ಕೆ ಸೇರಿಹೋಗಿತ್ತು. ಆಮೇಲೆ ನಾನು ಹೇಳಿದ್ದು ಅವಳ ತಲೆಗೆ ಇಳಿಯಿತು ಅಂತ ಕಾಣುತ್ತದೆ. ಚಪ್ಪಲಿ ಕೂಡ ಮರೆತು ಮೆಟ್ಟಿಲಿಳಿದಳು.

ನಾನು ಬಟ್ಟೆ ಕತ್ತರಿಸಲು ಅಳತೆ ಹಾಕುವ ಕಂದು ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ ಅ ಆ ಇ ಈ ಬರೆದೆ, ಕೆಳಗೆ ಕ ಸಾಲು, ಚ ಸಾಲು, ಎಲ್ಲ. ಹೌದಾದರೆ ರೆಪ್ಪೆ ಒಂದು ಸಲ ಮುಚ್ಚುವುದು, ಅಲ್ಲವಾದರೆ ಎರಡು ಸಲ. ಅಣ್ಣನ ತುಟಿಯ ಮೂಲೆ ಸ್ವಲ್ಪ ಅಲುಗಿತು. ಕಾಗುಣಿತದಲ್ಲಿ ಅವನು ಸ್ಕೂಲಿನಲ್ಲಿ ಪೆಟ್ಟು ತಿಂದವನು. ಅತ್ತಿಗೆ ಕಾಗದ ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತಳು. "ಅವತ್ತು ಏನು ಹೇಳಿದ್ರಿ? ಪೆಟ್ಟಿಗೆ ಬರೀಲಿಲ್ಲ ರೀ. ನನ್ನ ತಪ್ಪು. ಏನು ಹೇಳಿದ್ರಿ ನೀವು?"

ಬೆರಳು ಸಾಲಿನ ಮೇಲೆ ಹೊರಟಿತು. ಇ ಹತ್ತಿರ ರೆಪ್ಪೆ ಮುಚ್ಚಿತು.

"ಇ... ಇಷ್ಟು ದಿನ? ಇಷ್ಟ?" ಎಂದಳು ಅತ್ತಿಗೆ. ರೆಪ್ಪೆ ಎರಡು ಸಲ ಮುಚ್ಚಿತು. "ಇಲ್ಲಿ? ಇಲ್ಲಿ ನೋವಾ?" ಮತ್ತೆ ಎರಡು ಸಲ. ಅಣ್ಣ ಆಮೇಲೆ ಕಣ್ಣನ್ನೇ ಮುಚ್ಚಿಬಿಟ್ಟ. ಅವಳು ನಡುವೆ ಬಾಯಿ ಹಾಕಿದ್ದಕ್ಕೆ ಅವನಿಗೆ ಬೇಸರವಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತಿಗೆ ತುಟಿ ಕಚ್ಚಿಕೊಂಡಳು. ಅವನು ಕಣ್ಣು ಬಿಡುವವರೆಗೂ ಹಾಗೇ ಕೂತಳು.

ಮತ್ತೆ ಸಾಲು ಹಿಡಿದಳು. ನ ಸಿಕ್ಕಿತು. ಒತ್ತು ಸಿಕ್ಕಿತು. ನ್ನ, ನ್ನಾ, ನ್ನಿ ಎಂದು ಒಂದನೇ ಕ್ಲಾಸಿನ ಮಗುವಿನ ಹಾಗೆ ಗುಣಿಸುತ್ತಾ ಹೋಗಿ ನ್ನೂ ಹತ್ತಿರ ನಿಂತಳು. ರೆಪ್ಪೆ ಮುಚ್ಚಿತು. ಇನ್ನೂ. ಅಷ್ಟಕ್ಕೇ ನನಗೆ ಗೊತ್ತಾಯಿತು. ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಆದರೂ ಅವಳು ಬಾಯಿಬಿಡಲಿಲ್ಲ. ಅ ಇಂದ ಮತ್ತೆ ಶುರು ಮಾಡಿದಳು. ಉಳಿದೆರಡು ಅಕ್ಷರಗಳನ್ನು ಅವನಾಗಿ ಮುಗಿಸುವವರೆಗೆ ಒಂದೊಂದೇ ಸಾಲು ಕಾದಳು. ಅಷ್ಟು ಹೊತ್ತಿಗೆ ಅವನ ಹಣೆ ಬೆವರಿತ್ತು.

ಇನ್ನೂ ಇದೆ.

ಅಂದು ಮಧ್ಯಾಹ್ನ ಮನೆಗೆ ಬಂದು ಅತ್ತಿಗೆ ನೇರವಾಗಿ ಪೆಟ್ಟಿಗೆಯ ಮುಂದೆ ನಿಂತಳು. ರದ್ದು ಕೀಲಿ ಒತ್ತಿದಳು. ಈ ಮಾತನ್ನು ಅಳಿಸಲೇ ಎಂದು ಅದು ಕೇಳಿತು. ಹೌದು ಎಂದಳು. ಪರದೆ ಖಾಲಿಯಾಯಿತು. ನಾನು ಅಯ್ಯೋ ಎಂದು ಕೂತುಬಿಟ್ಟೆ. ಅವಳು ಮಾತ್ರ ಕಂಪ್ಯೂಟರ್ ತೆಗೆದು, ಸೊನ್ನೆ ಕೊಟ್ಟಾಗ ಮಾತು ಮುಗಿಸಿ ಬರೆಯಿಸುವ ಕೀಲಿಯೊಂದನ್ನು ಸೇರಿಸಿ ಗೂಬೆಯಪ್ಪನಿಗೆ ಕಳಿಸಿದಳು. ನಮಗೆ ಇನ್ನು ಅದರ ಉಪಯೋಗವಿರಲಿಲ್ಲ. ಬೇರೆ ಯಾರಿಗಾದರೂ ಇದ್ದೀತು. ಪೆಟ್ಟಿಗೆಯನ್ನು ಕೇಂದ್ರದವರು ತೆಗೆದುಕೊಂಡು ಹೋದರು.

ಅವತ್ತು ಪೆಟ್ಟಿಗೆಯ ಮುಂದೆ ಹೇಳಿದ್ದನ್ನು ಅಣ್ಣ ಆಸ್ಪತ್ರೆಯಲ್ಲಿ ಮತ್ತೆ ಶುರು ಮಾಡಿದ್ದಾನೆ. ದಿನಕ್ಕೆ ಒಂದು ಪದ, ಮೈ ಚೆನ್ನಾಗಿದ್ದರೆ ಎರಡು. ಇಲ್ಲಿಯವರೆಗೆ ಬಂದಿರುವುದು ಯಾವುದೋ ಲಿಫ್ಟಿನ ಕಥೆ, ಅದರೊಳಗೆ ಅತ್ತಿಗೆಯೂ ಬಂದಿದ್ದಾಳೆ, ಯಾಕೆ ಬಂದಳೋ ಇನ್ನೂ ತಿಳಿದಿಲ್ಲ. ಅವಳು ಊಹಿಸುವುದಿಲ್ಲ. ನಾನು ಊಹಿಸಿದರೆ ನನ್ನ ಕೈ ಹಿಂಡುತ್ತಾಳೆ. ಆದರೆ ಕಾಯಿಲೆ ಈಗ ರೆಪ್ಪೆಗೂ ಬಂದಿದೆ. ಹೌದೋ ಅಲ್ಲವೋ ತಿಳಿಯಲು ಮುಖದ ಹತ್ತಿರ ಮುಖ ಹಿಡಿದು ನೋಡಬೇಕು. ಕಥೆ ಮುಗಿಯುವುದಿಲ್ಲ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು, ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ನಿನ್ನೆ ಅವಳು ಎಲ್ಲ ಸಾಲುಗಳನ್ನೂ ತೋರಿಸಿ ಮುಗಿಸಿದರೂ ರೆಪ್ಪೆ ಅಲುಗಲಿಲ್ಲ. ಮತ್ತೆ ಮೊದಲಿಂದ ಹಿಡಿದಳು. ಆಗಲೂ ಅಲುಗಲಿಲ್ಲ. ಹಿಂದೆ ನಿಂತಿದ್ದ ನರ್ಸು ಮೆಲ್ಲಗೆ, "ಇವತ್ತಿಗೆ ಸಾಕು ಬಿಡಿ ಅಮ್ಮ, ಮುಗೀತು" ಎಂದಳು.

ಅತ್ತಿಗೆ ಕಾಗದದಿಂದ ಬೆರಳು ತೆಗೆಯದೆ, ಅವನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು: "ತಾಳಿ, ಇನ್ನೂ ಇದೆ."